ಸಹಾಯ ಬೇಕು: ಮಂಗೋಲರ ಪತ್ರ ಓದಲು ಪರ್ಶಿಯನ್ ಬಲ್ಲವರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ಮಂಗೋಲ್ ಸಾಮ್ರಾಜ್ಯದ ಬಗ್ಗೆ ಒಂದು ಪ್ರದರ್ಶನ ಸಿದ್ಧ ಮಾಡುತ್ತಿದ್ದೇನೆ. 1258ರಲ್ಲಿ ಚೆಂಗೀಸ್ ಖಾನನ ಮೊಮ್ಮಗ ಹುಲಗು ಬಾಗ್ದಾದನ್ನು ಹಾಳುಗೆಡವಿದ್ದನ್ನು ಮುಚ್ಚಿಡುವ ಉದ್ದೇಶ ಖಂಡಿತ ಇಲ್ಲ. ಆದರೆ ಮರುವರ್ಷವೇ ಅವನ ಆಶ್ರಯದಲ್ಲಿ ಇರಾನಿನ ಮರಾಘಾದಲ್ಲಿ ಖಗೋಳಶಾಸ್ತ್ರಜ್ಞ ನಸೀರುದ್ದೀನ್ ತೂಸಿ ವೀಕ್ಷಣಾಲಯ ಕಟ್ಟಲು ಶುರು ಮಾಡಿದ ಅನ್ನೋದೂ ಮಕ್ಕಳಿಗೆ ಗೊತ್ತಾಗಬೇಕಲ್ವಾ?

ನನಗೆ ಜಾಸ್ತಿ ಆಸಕ್ತಿ ಇರುವುದು ಅವರ ಅಂಚೆ ವ್ಯವಸ್ಥೆಯಲ್ಲಿ. ಅದರ ಹೆಸರು 'ಯಾಮ್'. ಚೆಂಗೀಸ್ ಖಾನನ ಮಗ ಒಗೆದೈ ಖಾನ್ ಅದನ್ನು ಪಕ್ಕಾ ಮಾಡಿದ. ದಾರಿಯುದ್ದಕ್ಕೂ ಠಾಣೆಗಳು, ಅಲ್ಲಿ ಬದಲಿ ಕುದುರೆ, ಊಟ, ತಂಗಲು ಜಾಗ. 'ಪೈಜಾ' ಅನ್ನೋ ಲೋಹದ ಬಿಲ್ಲೆ ತೋರಿಸಿದರೆ ಸಾಕು, ಎಲ್ಲ ಸಿಗುತ್ತಿತ್ತು. 1246ರಲ್ಲಿ ಪೋಪನ ದೂತ ಕಾರ್ಪಿನಿ ಮಂಗೋಲಿಯಾ ತಲುಪಿದ್ದೂ ಹೀಗೆ ಕುದುರೆ ಬದಲಿಸುತ್ತಲೇ.

ವಾಪಸ್ ಬರುವಾಗ ಅವನು ಪೋಪನ ಪತ್ರಕ್ಕೆ ಆಗಿನ ಮಂಗೋಲ್ ದೊರೆ ಗುಯುಕ್ ಖಾನನ ಉತ್ತರ ತಂದ. ಪತ್ರ ಪರ್ಶಿಯನ್‌ನಲ್ಲಿದೆ, ಮೇಲೆ ಖಾನನ ಮುದ್ರೆ ಇದೆ. ನೀನೇ ಖುದ್ದಾಗಿ ಬಂದು ಶರಣಾಗು ಅಂತ ಪೋಪನಿಗೇ ಹೇಳಿದ್ದಾನೆ! ಮೂಲ ಪ್ರತಿ ಇವತ್ತಿಗೂ ವ್ಯಾಟಿಕನ್ ದಾಖಲೆಗಳಲ್ಲಿದೆ.

ಆ ಪತ್ರದ ಕೆಲವು ಸಾಲುಗಳನ್ನು ಮೂಲದಿಂದಲೇ ಕನ್ನಡಕ್ಕೆ ತರುವ ಆಸೆ. ಇಂಗ್ಲಿಷ್ ಅನುವಾದದಿಂದ ಮಾಡಬಹುದು, ಆದರೆ ಮನಸ್ಸು ಒಪ್ಪುತ್ತಿಲ್ಲ. ಹಳೆಯ ಪರ್ಶಿಯನ್ ಕೈಬರಹ ಓದಬಲ್ಲವರು ಇಲ್ಲಿ ಯಾರಾದರೂ ಇದ್ದೀರಾ? ನಿಮಗೆ ಗೊತ್ತಿರುವ ಉರ್ದು, ಪರ್ಶಿಯನ್ ಮೇಷ್ಟ್ರು ಇದ್ದರೂ ದಯವಿಟ್ಟು ತಿಳಿಸಿ. ಜೊತೆಗೆ, ಮ್ಯೂಸಿಯಂನಲ್ಲಿ ಪೈಜಾ ನೋಡಿ ಫೋಟೊ ತೆಗೆದವರಿದ್ದರೆ ದೊಡ್ಡದಾಗಿ ಪ್ರಿಂಟ್ ಹಾಕಿಸುವಂಥ ಪ್ರತಿ ಬೇಕು. ಕಮೆಂಟಿನಲ್ಲೇ ಹೇಳಿ, ನಾನೇ ಸಂಪರ್ಕಿಸುತ್ತೇನೆ.