1851 ನೇವಿ ಕನ್ವರ್ಷನ್: ಗುಂಡು ಅಡ್ಡ ಬೀಳುತ್ತಿದೆ, ಸಿಲಿಂಡರ್ ಬಿಗಿಯುತ್ತಿದೆ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನವನು, ಈಗ ಇರುವುದು ಓಹಾಯೋದಲ್ಲಿ. ಊರಿನ ಮನೆಯಲ್ಲಿ ಕೋವಿ ಇತ್ತು. ಕೈಲ್ ಪೊಳ್ದ್ ಅನ್ನುವ ಆಯುಧ ಪೂಜೆಯ ಹಬ್ಬದ ದಿನ ಅದಕ್ಕೆ ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಪೂಜೆ ಮಾಡುತ್ತಿದ್ದೆವು. ಆ ಪ್ರೀತಿಯೇ ಇಲ್ಲಿ ನನ್ನನ್ನು ಕಪ್ಪು ಮದ್ದಿನ ರಿವಾಲ್ವರ್‌ವರೆಗೆ ತಂದಿದೆ.

ನನ್ನದು 1851ರ ಕೋಲ್ಟ್ ನೇವಿಯ ಹೊಸ ಪ್ರತಿ. .36 ಕ್ಯಾಲಿಬರ್ (ನಳಿಗೆಯ ಅಳತೆ, ಇಂಚಿನಲ್ಲಿ), ಉಕ್ಕಿನ ಫ್ರೇಮ್. ಹಳೇ ರೀತಿಯಲ್ಲಿ ಸೀಸದ ಉಂಡೆ ಜಡಿದು ಹೊಡೆದಾಗ ಗುರಿ ತುಂಬಾ ಚೆನ್ನಾಗಿತ್ತು. ಹೋದ ತಿಂಗಳು ಗುಂಡು ತುಂಬುವ ತಿರುಗುವ ಉರುಳೆಯನ್ನು (ಸಿಲಿಂಡರ್) ಬದಲಾಯಿಸಿ, .38 ಸ್ಪೆಷಲ್ ತೋಟಾ ಹಾಕಿ ಹೊಡೆಯಬಹುದಾದ ಕನ್ವರ್ಷನ್ ಸಿಲಿಂಡರ್ ಹಾಕಿದೆ. ತೋಟಾ ನಾನೇ ಕಪ್ಪು ಮದ್ದಿನಿಂದ ತುಂಬುತ್ತೇನೆ. ಗುಂಡು ಅಂಗಡಿಯದು: 158 ಗ್ರೇನ್ ತೂಕ, .358 ಇಂಚು, ಗಟ್ಟಿ ಸೀಸ, ಮೇಲೆ ನೀಲಿ ಮೇಣ.

15 ಗಜದಲ್ಲೇ ಕಾಗದದ ಮೇಲೆ ತೂತು ದುಂಡಗಿಲ್ಲ, ಗುಂಡು ಅಡ್ಡ ಮಲಗಿ ಹೊಕ್ಕ ಹಾಗೆ ಉದ್ದಕ್ಕಿದೆ. ಹನ್ನೆರಡು ಹೊಡೆಯುವಷ್ಟರಲ್ಲಿ ಸಿಲಿಂಡರ್ ತಿರುಗಿಸಲು ಎರಡೂ ಕೈ ಬೇಕು. ಕೇಸುಗಳ (ತೋಟಾದ ಹಿತ್ತಾಳೆ ಕವಚ) ಹೊರಮೈಯೂ ಕಪ್ಪಾಗುತ್ತಿದೆ. ಒತ್ತಡ ಜಾಸ್ತಿ ಆಯಿತೇನೋ ಅಂತ ಮದ್ದು ಕಡಿಮೆ ಮಾಡಿ ನೋಡಿದೆ, ಇನ್ನೂ ಕೆಟ್ಟಿತು. ನಳಿಗೆ ಹಾಳಾಗಿದೆಯಾ?

ಉತ್ತರ:

ನಳಿಗೆ ಸರಿಯಾಗೇ ಇದೆ ಸರ್, ಭಯ ಬೇಡ. ಆದರೆ ಮದ್ದು ಕಡಿಮೆ ಮಾಡಿದ್ದನ್ನು ಇವತ್ತೇ ನಿಲ್ಲಿಸಿ. ಕಪ್ಪು ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಇರಲೇಬಾರದು. ಗುಂಡು ಕೂರಿಸಿದಾಗ ಮದ್ದು ಸ್ವಲ್ಪ ಅದುಮಿಕೊಳ್ಳಬೇಕು. ಹಾಗೆ ಕಡಿಮೆ ತುಂಬಿಟ್ಟ ತೋಟಾ ಉಳಿದಿದ್ದರೆ ಹೊಡೆಯಬೇಡಿ, ಬಿಚ್ಚಿಬಿಡಿ.

ಈಗ ಅಡ್ಡ ಬೀಳುವ ವಿಷಯ. ಇಲ್ಲಿ ಹೆಸರೇ ಮೋಸ ಮಾಡುತ್ತದೆ. .36 ಅಂತ ಕರೆಯುವ ನಿಮ್ಮ ನಳಿಗೆಯ ಒಳಗೆ, ಗುಂಡನ್ನು ತಿರುಗಿಸಲು ಕೊರೆದ ಸುರುಳಿ ಗೀರುಗಳ ತಳದಿಂದ ತಳಕ್ಕೆ ಅಳೆದರೆ ಸುಮಾರು .375 ಇಂಚು ಇರುತ್ತದೆ. .38 ಸ್ಪೆಷಲ್ ಗುಂಡು .358 ಮಾತ್ರ. ವ್ಯತ್ಯಾಸ .017 ಇಂಚು, ಅಂದರೆ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್. ಗುಂಡು ಆ ಸುರುಳಿ ಗೀರುಗಳನ್ನು ಹಿಡಿಯುವುದೇ ಇಲ್ಲ, ಸುಮ್ನೆ ಜಾರಿ ಹೋಗುತ್ತದೆ. ಸರಿಯಾಗಿ ತಿರುಗದ ಗುಂಡು ಗಾಳಿಯಲ್ಲಿ ಲಾಗ ಹಾಕದೆ ಇನ್ನೇನು ಮಾಡೀತು?

ಇದಕ್ಕೊಂದು ಚಂದದ ಚರಿತ್ರೆ ಇದೆ. ಹಿಂದಿನಿಂದ ತೋಟಾ ತುಂಬುವ, ಆರಪಾರ ಕೊರೆದ ಸಿಲಿಂಡರಿಗೆ 1855ರಲ್ಲಿ ರೋಲಿನ್ ವೈಟ್ ಪೇಟೆಂಟ್ ಪಡೆದಿದ್ದರು. ಅದರ ಹಕ್ಕು ಸ್ಮಿತ್ ಅಂಡ್ ವೆಸನ್ ಕೈಯಲ್ಲಿತ್ತು. 1869ರಲ್ಲಿ ಅದು ಮುಗಿದ ಮೇಲೆ ಕೋಲ್ಟ್ ತನ್ನ ಹಳೇ ರಿವಾಲ್ವರುಗಳನ್ನು ರಿಚರ್ಡ್ಸ್, ರಿಚರ್ಡ್ಸ್-ಮೇಸನ್ ವಿಧಾನದಲ್ಲಿ ತೋಟಾಕ್ಕೆ ಬದಲಾಯಿಸಿತು. ನಳಿಗೆ ಹಳೆಯದೇ. ಹಾಗಾಗಿ ಗುಂಡನ್ನು ಕೇಸಿನ ಹೊರಮೈಯಷ್ಟೇ ದಪ್ಪ ಮಾಡಿ, ಅದರ ಬುಡವನ್ನು ಮಾತ್ರ ಸಣ್ಣ ಮಾಡಿ ಕೇಸಿನೊಳಗೆ ಕೂರಿಸುತ್ತಿದ್ದರು. .38 ಅನ್ನುವ ಹೆಸರು ಉಳಿದದ್ದು ಆ ದಪ್ಪದಿಂದಲೇ. ಆಮೇಲೆ ಇಡೀ ಗುಂಡನ್ನು ಕೇಸಿನೊಳಕ್ಕೆ ಇಳಿಸಿದಾಗ ಅದು ಸಣ್ಣದಾಯಿತು, ಹೆಸರು ಮಾತ್ರ ಬದಲಾಗಲಿಲ್ಲ.

ಮೊದಲು ನಿಮ್ಮದನ್ನೇ ಅಳೆದು ನೋಡಿ. ನಳಿಗೆ ಬಿಚ್ಚಿ, ಸಿಲಿಂಡರ್ ತೆಗೆದು, ಎಣ್ಣೆ ಸವರಿದ ಮೆತ್ತನೆ ಸೀಸದ ಉಂಡೆಯನ್ನು ನಳಿಗೆಯೊಳಗಿಂದ ಮರದ ಕಡ್ಡಿಯಿಂದ ತಳ್ಳಿ ಹೊರತೆಗೆಯಿರಿ. ಅದನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ.

ಪ್ರಶ್ನೆ ಕೇಳಿದವರು:

ಅಳೆದೆ. .375 ಬಂತು! ಇಷ್ಟು ದಿನ ನನ್ನ ಕೈ ನಡುಗುತ್ತಿದೆ ಅಂತಲೇ ಅಂದುಕೊಂಡಿದ್ದೆ. ಈಗ ಯಾವ ಗುಂಡು ತರಲಿ?

ಉತ್ತರ:

148 ಗ್ರೇನಿನ, ಮೂತಿ ಚಪ್ಪಟೆಯಾದ, ಬುಡ ಟೊಳ್ಳಾಗಿರುವ ವಾಡ್‌ಕಟರ್ ತನ್ನಿ. ಮೆತ್ತನೆ ಸೀಸದ್ದೇ ಆಗಬೇಕು. ಮದ್ದು ಉರಿದಾಗ ಆ ಟೊಳ್ಳು ಬುಡ ಲಂಗದ ಹಾಗೆ ಅರಳಿ ನಳಿಗೆಯ ಸುರುಳಿ ಗೀರುಗಳನ್ನು ಹಿಡಿಯುತ್ತದೆ. ಗಟ್ಟಿ ಸೀಸ ಅರಳುವುದಿಲ್ಲ. ಪೂರ್ತಿ ಒಳಗೆ ಇಳಿಸಿದರೆ ಮದ್ದಿಗೆ ಜಾಗ ಸಾಲದು. ಸ್ವಲ್ಪ ಹೊರಗೆ ಬಿಟ್ಟು ಕ್ರಿಂಪ್ ಮಾಡಿ (ಕೇಸಿನ ಬಾಯಿಯನ್ನು ಗುಂಡಿಗೆ ಬಿಗಿಯಾಗಿ ಒತ್ತಿ), ಆದರೆ ತುದಿ ಸಿಲಿಂಡರಿನ ಮುಂಭಾಗ ದಾಟಬಾರದು.

ಒಂದು ಎಚ್ಚರಿಕೆ. ಒತ್ತಡ ಅತಿಯಾದರೆ ಆ ಲಂಗ ಹರಿದು ನಳಿಗೆಯಲ್ಲೇ ಉಳಿಯಬಹುದು. ಮುಂದಿನ ಗುಂಡು ಅದಕ್ಕೆ ಬಡಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಸದ್ದು ಬೇರೆ ಥರ ಕೇಳಿದರೆ ತಕ್ಷಣ ನಿಲ್ಲಿಸಿ. ಎಲ್ಲ ತೋಟಾ ತೆಗೆದು, ನಳಿಗೆಯೊಳಗೆ ಬೆಳಕು ಕಾಣುತ್ತದಾ ನೋಡಿ. ಅಳತೆಗೆಲ್ಲ ಸಿಲಿಂಡರ್ ಜೊತೆ ಬಂದ ಕೈಪಿಡಿ ಮತ್ತು ಮುದ್ರಿತ ಲೋಡಿಂಗ್ ಪುಸ್ತಕವೇ ಗತಿ, ಯಾರೋ ಹೇಳಿದ ಲೆಕ್ಕ ಬೇಡ.

ಬಿಗಿಯುವುದಕ್ಕೆ ಕಾರಣ ಆ ನೀಲಿ ಮೇಣ. ಅದು ಹೊಗೆಯಿಲ್ಲದ ಮದ್ದಿಗೆ ಮಾಡಿದ್ದು. ಕಪ್ಪು ಮದ್ದು ಉರಿದು ಬಿಡುವ ಕಿಟ್ಟವನ್ನು ಅದು ಮೆತ್ತಗೆ ಇಡುವುದಿಲ್ಲ. ಪೆಟ್ರೋಲಿಯಂ ಗ್ರೀಸ್ ಸೇರಿದರೆ ಟಾರಿನ ಹಾಗೆ ಗಟ್ಟಿಯಾಗುತ್ತದೆ. ಜೇನುಮೇಣಕ್ಕೆ ಕುರಿ ಕೊಬ್ಬು ಬೆರೆಸಿ ಗುಂಡಿನ ಗೀರುಗಳಿಗೆ ತುಂಬಿ. ಕೊಬ್ಬು ಬೇಡವೆಂದರೆ ಆಲಿವ್ ಎಣ್ಣೆಯೂ ಆಗುತ್ತದೆ. ಸಿಲಿಂಡರ್ ತಿರುಗುವ ದಪ್ಪ ಕಂಬಿಯ ಮೇಲೆ ಗೀರುಗಳಿವೆ ಅಲ್ವಾ? ಅವು ಇರುವುದೇ ಇದನ್ನು ಹಿಡಿದಿಟ್ಟುಕೊಳ್ಳಲು, ಧಾರಾಳವಾಗಿ ಸವರಿ. ಕೇಸು ಕಪ್ಪಾದದ್ದು ಒತ್ತಡ ಸಾಲದೆ, ಅದು ಉಬ್ಬಿ ಅಂಟಿಕೊಳ್ಳದೆ ಹೊಗೆ ಹಿಂದಕ್ಕೆ ಬಂದದ್ದರಿಂದ. ಸರಿಯಾಗಿ ತುಂಬಿದರೆ ಅದೂ ಕಡಿಮೆಯಾಗುತ್ತದೆ.

ಇನ್ನೊಬ್ಬರು, ಟೆಕ್ಸಾಸಿನಿಂದ:

ನನ್ನದು ಹಿತ್ತಾಳೆ ಫ್ರೇಮಿನ ನೇವಿ. ಇದಕ್ಕೂ ಈ ಸಿಲಿಂಡರ್ ಹಾಕಬಹುದಾ?

ಉತ್ತರ:

ಬೇಡ ಸರ್, ದಯವಿಟ್ಟು ಬೇಡ. ಹಿತ್ತಾಳೆ ಮೆತ್ತಗೆ, ಹೊಡೆದಂತೆಲ್ಲಾ ಹಿಗ್ಗುತ್ತದೆ. ಕನ್ವರ್ಷನ್ ಸಿಲಿಂಡರ್ ಉಕ್ಕಿನ ಫ್ರೇಮಿಗೆ ಮಾತ್ರ. ಉಕ್ಕಾದರೂ ಹೆಚ್ಚು ಒತ್ತಡದ ಪ್ಲಸ್-ಪಿ ತೋಟಾ ಮುಟ್ಟಬೇಡಿ.

ಪ್ರಶ್ನೆ ಕೇಳಿದವರು:

ನಿನ್ನೆ ರೇಂಜಿಗೆ ಹೋಗಿದ್ದೆ. ಮೂವತ್ತು ತೋಟಾ, ಮೂವತ್ತೂ ದುಂಡನೆ ತೂತು. ಸಿಲಿಂಡರ್ ಕೊನೆಯವರೆಗೂ ಒಂದೇ ಬೆರಳಲ್ಲಿ ತಿರುಗಿತು. ನಿಮ್ಮ ಉಪಕಾರ ಮರೆಯುವುದಿಲ್ಲ ಸರ್. ಖಾಲಿ ಕೇಸುಗಳನ್ನು ಏನು ಮಾಡಲಿ?

ಉತ್ತರ:

ತುಂಬಾ ಖುಷಿಯಾಯಿತು! ನಿನ್ನೆಯದೇ ಆದರೆ ಈಗಲೇ ಸೋಪು ನೀರಿಗೆ ಹಾಕಿ. ಬಿಟ್ಟರೆ ಹಿತ್ತಾಳೆ ಹಸಿರುಗಟ್ಟುತ್ತದೆ. ಮುಂದಿನ ಸಲ ರೇಂಜಿಗೇ ಒಂದು ಡಬ್ಬಿ ಸೋಪು ನೀರು ಒಯ್ಯಿರಿ. ನಳಿಗೆಗೂ ಅದೇ ನೀರು, ಆಮೇಲೆ ಚೆನ್ನಾಗಿ ಒಣಗಿಸಿ ಎಣ್ಣೆ.