ಡಬ್ಬಿ ತಳದಲ್ಲಿ ತ್ರಿಕೋನ ಇದ್ದರೆ ಸಾಕಾ? ಒಣ ಕಸದ ಪ್ರಶ್ನೋತ್ತರ

ಮನೆ ಬದಲಾಯಿಸಿದವರು: ನಮಸ್ಕಾರ. ಹೋದ ತಿಂಗಳು ಬೇರೆ ಊರಿಗೆ ಬಂದೆವು. ಹಳೆಯ ಊರಿನಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆ, ಡಬ್ಬಿ ಎಲ್ಲವನ್ನೂ ಮರುಬಳಕೆಯ ಬುಟ್ಟಿಗೇ ಹಾಕುತ್ತಿದ್ದೆವು, ಯಾರೂ ಏನೂ ಅನ್ನುತ್ತಿರಲಿಲ್ಲ. ಇಲ್ಲಿ ಎರಡು ಸಲ ಬುಟ್ಟಿ ಮುಟ್ಟದೆ ಹೋಗಿದ್ದಾರೆ, ಮೇಲೊಂದು ಚೀಟಿ ಅಂಟಿಸಿ. ಡಬ್ಬಿಯ ತಳದಲ್ಲಿ ಬಾಣದ ತ್ರಿಕೋನ ಕಣ್ಣಿಗೆ ಹೊಡೆಯುವ ಹಾಗೆ ಇದೆ. ಅದಿದ್ದರೆ ಮರುಬಳಕೆ ಆಗುತ್ತದೆ ಅಂತ ತಾನೇ ಅರ್ಥ? ಊರಿಗೊಂದು ನಿಯಮ ಯಾಕೆ? ಈ ಕೆಲಸದಲ್ಲಿ ಇರುವವರು ಯಾರಾದರೂ ಹೇಳಿ.

ಘಟಕದವರು: ಮೇಡಂ, ನಾನು ಒಣ ಕಸ ಬೇರ್ಪಡಿಸುವ ಘಟಕದಲ್ಲಿ ಕೆಲಸ ಮಾಡುವವನು. ಆ ತ್ರಿಕೋನಕ್ಕೆ ದಿನಾ ಶಾಪ ಹಾಕುತ್ತೇನೆ. ಅದರೊಳಗಿನ 1ರಿಂದ 7ರವರೆಗಿನ ಅಂಕಿ ಇದು ಯಾವ ಬಗೆಯ ಪ್ಲಾಸ್ಟಿಕ್ ಅನ್ನುವುದನ್ನು ಹೇಳುತ್ತದೆ, ಅಷ್ಟೇ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಈ ಅಂಕಿಗಳನ್ನು ತಂದಿತು. ಸುತ್ತ ಬಾಣ ಹಾಕಿದ್ದರಿಂದ ಜನ ಅದನ್ನು ಮರುಬಳಕೆಯ ಗುರುತು ಅಂದುಕೊಂಡರು. ಅಂದುಕೊಳ್ಳದೆ ಏನು ಮಾಡ್ತಾರೆ, ಮರುಬಳಕೆಯ ಗುರುತೂ ಹಾಗೇ ಇದೆಯಲ್ಲ! 2013ರಲ್ಲಿ ಬಾಣ ತೆಗೆದು ಬರೀ ತ್ರಿಕೋನ ಇಡಬೇಕು ಅಂತ ಮಾನದಂಡ ಬದಲಾಯಿತು. ಆದರೂ ಬಾಣ ಇರುವ ಡಬ್ಬಿಗಳು ಈಗಲೂ ಎಲ್ಲ ಕಡೆ ಸಿಗುತ್ತವೆ.

ಇನ್ನು ಊರಿಗೊಂದು ನಿಯಮ ಯಾಕೆ ಅಂದರೆ, ಯಾವುದನ್ನು ತೆಗೆದುಕೊಳ್ಳುತ್ತಾರೆ ಅನ್ನುವ ಪಟ್ಟಿಯನ್ನು ತಯಾರಿಸುವುದು ನಿಮ್ಮ ಬುಟ್ಟಿ ನೋಡಿಕೊಂಡಲ್ಲ, ಕೊಳ್ಳುವವರನ್ನು ನೋಡಿಕೊಂಡು. ನಾವು ಬೇರ್ಪಡಿಸಿ ಒತ್ತಿ ಕಟ್ಟಿದ ಬೇಲ್ ಅನ್ನು ಒಂದು ಕಾರ್ಖಾನೆ ಕೊಳ್ಳಬೇಕು. ಕೊಳ್ಳುವವರು ಹತ್ತಿರ ಇದ್ದರೆ ಆ ವಸ್ತು ಪಟ್ಟಿಯಲ್ಲಿ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಅಂಕಿ 1ರ ನೀರಿನ ಬಾಟಲಿ, 2ರ ಶಾಂಪೂ ಡಬ್ಬಿ ಸಾಮಾನ್ಯವಾಗಿ ಎಲ್ಲೆಡೆ ಹೋಗುತ್ತವೆ. 5ರ ಡಬ್ಬಿ ಕೆಲವು ಊರಲ್ಲಿ ಹೌದು, ಕೆಲವು ಊರಲ್ಲಿ ಇಲ್ಲ. ಥರ್ಮಾಕೋಲ್ 6ರ ಗುಂಪಿನದು. ಅದರಲ್ಲಿ ಗಾಳಿಯೇ ಜಾಸ್ತಿ. ಲಾರಿ ತುಂಬ ಸಾಗಿಸಿದರೂ ತೂಕ ಬರುವುದಿಲ್ಲ, ಹಾಗಾಗಿ ಬಹಳ ಕಡೆ ಬೇಡ ಅಂತಾರೆ.

ಒಂದೇ ಅಂಕಿ ಇದ್ದರೂ ಗ್ಯಾರಂಟಿ ಇಲ್ಲ. ಬಾಟಲಿಯೂ 1, ಹಣ್ಣಿನ ಪಾರದರ್ಶಕ ತಟ್ಟೆಯೂ 1. ಆದರೆ ಬಾಟಲಿಯನ್ನು ಊದಿ ಮಾಡುತ್ತಾರೆ, ತಟ್ಟೆಯನ್ನು ಹಾಳೆ ಬಿಸಿ ಮಾಡಿ ಅಚ್ಚಿಗೆ ಎಳೆಯುತ್ತಾರೆ. ಕರಗಿಸಿದಾಗ ಎರಡೂ ಒಂದೇ ಥರ ಹರಿಯುವುದಿಲ್ಲ. ಕಪ್ಪು ಡಬ್ಬಿಯದು ಇನ್ನೊಂದು ಕಥೆ. ನಮ್ಮ ಯಂತ್ರ ಇನ್‌ಫ್ರಾರೆಡ್ ಬೆಳಕು ಬಿಟ್ಟು, ವಾಪಸ್ ಬರುವುದನ್ನು ನೋಡಿ ಪ್ಲಾಸ್ಟಿಕ್ ಗುರುತಿಸುತ್ತದೆ. ಕಪ್ಪು ಬಣ್ಣಕ್ಕೆ ಹಾಕುವ ಮಸಿ ಆ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಯಂತ್ರದ ಪಾಲಿಗೆ ಬೆಲ್ಟ್ ಮೇಲೆ ಏನೂ ಇಲ್ಲ!

2018ರಲ್ಲಿ ಚೀನಾ ಹೊರದೇಶಗಳ ರದ್ದಿ ಕಾಗದ, ಪ್ಲಾಸ್ಟಿಕ್‌ಗೆ ಬಾಗಿಲು ಹಾಕಿತು. ಎಷ್ಟೋ ಬಗೆಗಳನ್ನು ಪೂರ್ತಿ ನಿಲ್ಲಿಸಿ, ಉಳಿದವುಗಳಲ್ಲಿ ಕಲಬೆರಕೆ ನೂರಕ್ಕೆ 0.5 ದಾಟಬಾರದು ಅಂದಿತು. ಅಲ್ಲಿಗೆ ಕಳಿಸುತ್ತಿದ್ದ ಎಷ್ಟೋ ನಗರಗಳು ಪಟ್ಟಿಯನ್ನೇ ಮೊಟಕು ಮಾಡಿದವು. ಜಪಾನಿನ ಕಾಮಿಕಾತ್ಸು ಅನ್ನುವ ಪುಟ್ಟ ಊರಿನವರು ಕಸವನ್ನು 40ಕ್ಕೂ ಹೆಚ್ಚು ಬಗೆಯಾಗಿ ಬೇರ್ಪಡಿಸುತ್ತಾರೆ. ಇನ್ನು ಕೆಲವು ಊರುಗಳಲ್ಲಿ ಎಲ್ಲ ಒಣ ವಸ್ತುಗಳಿಗೂ ಒಂದೇ ಬುಟ್ಟಿ.

ಅಂದ ಹಾಗೆ, ಆ ಚೀಟಿಯಲ್ಲಿ ಏನು ಬರೆದಿತ್ತು?

ಮನೆ ಬದಲಾಯಿಸಿದವರು: "ಬೇರೆ ವಸ್ತು ಸೇರಿದೆ" ಅಂತ ಮಾತ್ರ. ಸಿಟ್ಟು ಬಂದು ಕಿತ್ತು ಹಾಕಿದೆ. ಸರಿ, ಅನುಮಾನ ಇದ್ದಾಗ ಏನು ಮಾಡಲಿ? ಮರುಬಳಕೆ ಬುಟ್ಟಿಗೇ ಹಾಕಿದರೆ ನೀವು ಅಲ್ಲಿ ಹೆಕ್ಕಿ ತೆಗೆಯುತ್ತೀರಲ್ವಾ?

ಘಟಕದವರು: ಇಲ್ಲ ಮೇಡಂ, ದಯವಿಟ್ಟು ಬೇಡ. ಬೆಲ್ಟ್ ಓಡುವ ವೇಗಕ್ಕೆ ಕೈಗೆ ಸಿಕ್ಕಿದ್ದನ್ನು ಮಾತ್ರ ತೆಗೆಯಬಹುದು. ಸಂಶಯ ಇದ್ದರೆ ಉಳಿದ ಕಸಕ್ಕೆ ಹಾಕಿ. ಒಂದು ಡಬ್ಬಿ ಹಾಳಾದರೆ ಹೋಗಲಿ, ಅದರಲ್ಲಿ ಉಳಿದ ಸಾರು ಕಾಗದದ ಮೇಲೆ ಚೆಲ್ಲಿದರೆ ಒಂದು ಮೂಟೆ ಕಾಗದ ಹೋಯಿತು. ಎಣ್ಣೆ ಹಿಡಿದ ಕಾಗದದಿಂದ ಎಣ್ಣೆ ಬಿಡುವುದೇ ಇಲ್ಲ, ನೀರಲ್ಲಿ ನೆನೆಸಿ ತಿರುಳು ಮಾಡುವಾಗ ಎಲ್ಲ ಕಡೆ ಹರಡುತ್ತದೆ. ತಿಂಡಿ ಬಂದ ರಟ್ಟಿನ ಪೆಟ್ಟಿಗೆಯ ಮುಚ್ಚಳ ಶುಚಿಯಾಗಿದ್ದು ತಳಕ್ಕೆ ಮಾತ್ರ ಜಿಡ್ಡು ಹಿಡಿದಿದೆಯಾ? ಹರಿದು ಮುಚ್ಚಳ ಮಾತ್ರ ಕೊಡಿ.

ಇನ್ನೊಬ್ಬರು: ತೊಳೆಯೋಕೆ ಅಷ್ಟೊಂದು ನೀರು ಸುರಿದರೆ ಅದೂ ದಂಡ ಅಲ್ವಾ?

ಘಟಕದವರು: ಫಳಫಳ ಹೊಳೆಯಬೇಕಾಗಿಲ್ಲ ಸರ್. ಪಾತ್ರೆ ತೊಳೆದು ಉಳಿದ ನೀರಲ್ಲಿ ಒಂದು ಸಲ ಕುಲುಕಿ ಚೆಲ್ಲಿ, ಬೋರಲು ಹಾಕಿ. ಸಾಕು.

ಅಂಗಡಿಯವರು: ಅಣ್ಣಾ, ನನ್ನದು ಸಣ್ಣ ಅಂಗಡಿ, ಹಿಂದೆಯೇ ಕಚೇರಿ. ರಟ್ಟಿನ ಪೆಟ್ಟಿಗೆ, ಸರಕಿನ ಮೇಲೆ ಸುತ್ತಿ ಬರುವ ಪ್ಲಾಸ್ಟಿಕ್ ಹಾಳೆ, ಬಿಲ್ಲು, ಯಂತ್ರದಲ್ಲಿ ಚೂರು ಮಾಡಿದ ಹಳೆಯ ಕಡತ, ಇವಿಷ್ಟು ಕಸ. ಮನೆಯ ಕಸದ ಜೊತೆಗೇ ಕಳಿಸಿದೆ. ತಗೊಳ್ಳಲಿಲ್ಲ. ಅಂಗಡಿಗೆ ಬೇರೆ ನಿಯಮ ಇದೆಯಾ?

ಘಟಕದವರು: ಬಹುತೇಕ ಕಡೆ ಇದೆ. ಮನೆ ಕಸದ ವ್ಯವಸ್ಥೆ ಮನೆಗಳಿಗೆ ಮಾತ್ರ. ವ್ಯಾಪಾರದವರು ಬೇರೆ ಒಪ್ಪಂದ ಮಾಡಿಕೊಳ್ಳಬೇಕು. ಜೊತೆಗೆ ಕಾನೂನೂ ಬಿಗಿಯಾಗುತ್ತಿದೆ. ಉದಾಹರಣೆಗೆ ಇಂಗ್ಲೆಂಡಿನಲ್ಲಿ 10 ಜನ ಅಥವಾ ಅದಕ್ಕಿಂತ ಜಾಸ್ತಿ ನೌಕರರು ಇರುವ ಕಡೆ 2025ರ ಮಾರ್ಚ್ 31ರಿಂದ ಒಣ ವಸ್ತು, ಆಹಾರದ ಕಸ, ಉಳಿದ ಕಸ ಬೇರೆ ಬೇರೆ ಕೊಡುವುದು ಕಡ್ಡಾಯ. ಅದಕ್ಕಿಂತ ಚಿಕ್ಕವರಿಗೆ 2027ರ ಮಾರ್ಚ್ 31ರವರೆಗೆ ಸಮಯ ಕೊಟ್ಟಿದ್ದಾರೆ. ನಿಮ್ಮಲ್ಲಿ ಏನಿದೆ ಅಂತ ಸ್ಥಳೀಯ ಆಡಳಿತದಲ್ಲೇ ಕೇಳಿ, ಕಸ ಒಯ್ಯುವವರ ಬಾಯಿಮಾತು ನಂಬಬೇಡಿ. ಯಾರಿಗೆ, ಯಾವತ್ತು, ಎಷ್ಟು ಕೊಟ್ಟಿರಿ ಅನ್ನುವ ರಸೀದಿ ಇಟ್ಟುಕೊಳ್ಳಿ. ನಾಳೆ ನಿಮ್ಮ ಅಂಗಡಿ ಹೆಸರಿನ ಪೆಟ್ಟಿಗೆ ಯಾವುದೋ ಹಳ್ಳದಲ್ಲಿ ಸಿಕ್ಕರೆ ಮೊದಲು ಕೇಳುವುದು ನಿಮ್ಮನ್ನೇ.

ನಿಮ್ಮ ಕಸದಲ್ಲಿ ಒಳ್ಳೆಯ ಮಾಲೇ ಜಾಸ್ತಿ ಇದೆ. ರಟ್ಟನ್ನು ಬಿಚ್ಚಿ ಚಪ್ಪಟೆ ಮಾಡಿ, ಮಳೆ ಬೀಳದ ಕಡೆ ಇಡಿ. ಅಂಟು ಪಟ್ಟಿ ಸ್ವಲ್ಪ ಉಳಿದರೆ ಪರವಾಗಿಲ್ಲ. ಆದರೆ ಒದ್ದೆ ಆದ ರಟ್ಟಿಗೆ ಬೂಸ್ಟು ಬರುತ್ತದೆ, ತೂಕ ಸುಳ್ಳಾಗುತ್ತದೆ, ಕೊಳ್ಳುವವರು ಮುಖ ತಿರುಗಿಸುತ್ತಾರೆ.

ಆ ಪ್ಲಾಸ್ಟಿಕ್ ಹಾಳೆಯ ವಿಷಯ ಸ್ವಲ್ಪ ತಮಾಷೆ. ಮನೆಯಿಂದ ಬರುವ ಪ್ಲಾಸ್ಟಿಕ್ ಚೀಲ ನಮ್ಮ ಶತ್ರು. ತಿರುಗುವ ಜರಡಿಯ ಅಚ್ಚಿಗೆ ದಾರದ ಹಾಗೆ ಸುತ್ತಿಕೊಳ್ಳುತ್ತದೆ. ಯಂತ್ರ ನಿಲ್ಲಿಸಿ, ಒಳಗೆ ಇಳಿದು, ಚಾಕುವಿನಲ್ಲಿ ಕೊಯ್ದು ತೆಗೆಯಬೇಕು. ನಾನೂ ಇಳಿದಿದ್ದೇನೆ, ಬೇಸಿಗೆಯಲ್ಲಿ ಆ ವಾಸನೆ ಮರೆಯುವಂಥದ್ದಲ್ಲ. ಅದೇ ಜಾತಿಯ ಹಾಳೆ ಅಂಗಡಿಯಿಂದ ಬಣ್ಣ ಇಲ್ಲದೆ, ಶುಚಿಯಾಗಿ, ಬೇರೆ ಮೂಟೆಯಾಗಿ ಬಂದರೆ ಕೇಳಿ ಕೊಳ್ಳುತ್ತಾರೆ. ಆದ್ದರಿಂದ ಅದನ್ನು ಯಾವುದರ ಜೊತೆಗೂ ಬೆರೆಸಬೇಡಿ.

ಬಿಲ್ಲು ಕಾಗದದ ಬುಟ್ಟಿಗೆ ಬೇಡ. ಉಗುರಿನಲ್ಲಿ ಗೀರಿದರೆ ಕಪ್ಪು ಗೆರೆ ಮೂಡುತ್ತದಲ್ಲ, ಅದು ಬಿಸಿಗೆ ಬಣ್ಣ ಬರುವ ರಾಸಾಯನಿಕ ಲೇಪ. ಚೂರು ಕಾಗದ ಜರಡಿಯ ತೂತಿನಲ್ಲಿ ಉದುರಿ ಗಾಜಿನ ಜೊತೆ ಸೇರುತ್ತದೆ. ನಾರು ಬೇರೆ ಗಿಡ್ಡ ಆಗಿರುತ್ತದೆ. ಕಾಗದದ ನಾರು ಹೇಗಿದ್ದರೂ ಐದಾರು ಸಲ ಮರುಬಳಕೆಯಾಗುವಷ್ಟರಲ್ಲಿ ಸವೆದು ಹೋಗುತ್ತದೆ. ಚೂರನ್ನು ಬೇರೆಯಾಗಿ ತೆಗೆದುಕೊಳ್ಳುವವರಿದ್ದರೆ ಕಾಗದದ ಚೀಲದಲ್ಲಿ ಕಟ್ಟಿ ಕೊಡಿ.

ಇನ್ನೊಬ್ಬರು: ಸುಮ್ನೆ ಕಷ್ಟಪಡ್ತೀರಿ. ನಮ್ಮ ಬೀದಿಯಲ್ಲಿ ಎರಡೂ ಬುಟ್ಟಿಯನ್ನು ಒಂದೇ ಲಾರಿಗೆ ಸುರಿಯುತ್ತಾರೆ, ಕಣ್ಣಾರೆ ನೋಡಿದ್ದೇನೆ.

ಘಟಕದವರು: ನೀವು ನೋಡಿದ್ದು ಸುಳ್ಳು ಅನ್ನುವುದಿಲ್ಲ ಸರ್. ಕೆಲವು ಲಾರಿಗಳ ಒಳಗೆ ನಡುವೆ ಗೋಡೆ ಇರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಕೆಲವು ಸಲ ಬುಟ್ಟಿ ಅಷ್ಟು ಕೊಳಕಾಗಿರುತ್ತದೆ ಅಂದರೆ ಅದನ್ನು ಕಸ ಅಂತಲೇ ಒಯ್ಯುತ್ತಾರೆ. ಮತ್ತೆ ಕೆಲವು ಸಲ ನಿಜವಾಗಿಯೂ ಬೆರೆಸುತ್ತಾರೆ, ಅದು ತಪ್ಪೇ. ದಿನ, ಸಮಯ, ಗಾಡಿ ನಂಬರು ಬರೆದು ದೂರು ಕೊಡಿ. ಮಾತಿಗಿಂತ ಫೋಟೊಗೆ ಬೆಲೆ ಜಾಸ್ತಿ.

ಒಂದು ವಿಷಯ ಮಾತ್ರ, ಲಾರಿ ಒಂದಿರಲಿ ಎರಡಿರಲಿ, ಬ್ಯಾಟರಿಯನ್ನು ಯಾವ ಬುಟ್ಟಿಗೂ ಹಾಕಬೇಡಿ. ಲಾರಿಯೊಳಗಿನ ಒತ್ತುವ ತಟ್ಟೆಗೆ ಲಿಥಿಯಂ ಬ್ಯಾಟರಿ ಸಿಕ್ಕಿ ನಜ್ಜುಗುಜ್ಜಾದರೆ ಕಿಡಿ ಹಾರುತ್ತದೆ, ಸುತ್ತ ಇರುವುದೆಲ್ಲ ಒಣ ಕಾಗದ. ಫೋನು, ಆಟಿಕೆ, ಇ-ಸಿಗರೇಟು, ಹಾಡುವ ಶುಭಾಶಯ ಪತ್ರ, ಇವುಗಳೊಳಗೂ ಬ್ಯಾಟರಿ ಇರುತ್ತದೆ. ಎರಡೂ ತುದಿಗೆ ಅಂಟು ಪಟ್ಟಿ ಹಚ್ಚಿ, ಬ್ಯಾಟರಿ ತೆಗೆದುಕೊಳ್ಳುವ ಕಡೆಗೇ ಕೊಡಿ.

ಅಂಗಡಿಯವರು: ಒಡೆದ ಗಾಜಿನ ಲೋಟ, ಪಿಂಗಾಣಿ ಕಪ್? ಬಾಟಲಿ ಜೊತೆ ಹಾಕಬಹುದಾ?

ಘಟಕದವರು: ಬೇಡ. ಓವನ್ನಿಗೆ ಇಡುವ ಗಾಜು ಕರಗಲು ಬಾಟಲಿ ಗಾಜಿಗಿಂತ ಜಾಸ್ತಿ ಬಿಸಿ ಬೇಕು. ಪಿಂಗಾಣಿಯಂತೂ ಆ ಕುಲುಮೆಯಲ್ಲಿ ಕರಗುವುದೇ ಇಲ್ಲ, ಹೊಸ ಬಾಟಲಿಯೊಳಗೆ ಕಲ್ಲಿನ ಹಾಗೆ ಕೂತು, ಅದೇ ಜಾಗದಲ್ಲಿ ಬಾಟಲಿ ಬಿರಿಯುತ್ತದೆ. ಲೋಟವನ್ನೂ ಬಹಳ ಕಡೆ ತೆಗೆದುಕೊಳ್ಳುವುದಿಲ್ಲ. ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಗಾಜು ಅಂತ ಬರೆದು ಉಳಿದ ಕಸಕ್ಕೆ ಹಾಕಿ. ಎತ್ತುವವರ ಕೈ ಉಳಿಯುತ್ತದೆ.

ಮನೆ ಬದಲಾಯಿಸಿದವರು: ಕೊನೆಯದೊಂದು. ಬಾಟಲಿಯ ಮುಚ್ಚಳ ತೆಗೆಯಬೇಕಾ, ಇರಬೇಕಾ? ಮನೆಯಲ್ಲಿ ಇದೇ ಜಗಳ.

ಘಟಕದವರು: ಮೊದಲು ತೆಗೆಯಿರಿ ಅನ್ನುತ್ತಿದ್ದೆವು. ಈಗ ಹೆಚ್ಚಿನ ಕಡೆ ಹಾಕಿಯೇ ಕೊಡಿ ಅಂತಾರೆ. ಬಿಡಿ ಮುಚ್ಚಳ ಜರಡಿಯಲ್ಲಿ ಉದುರಿ ಹೋಗುತ್ತದೆ. ಬಾಟಲಿಯ ಜೊತೆ ಬಂದರೆ ಪುಡಿ ಮಾಡಿ ನೀರಿಗೆ ಹಾಕುತ್ತಾರೆ. ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ, ತಾನಾಗಿಯೇ ಬೇರೆಯಾಯಿತು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ 3 ಲೀಟರ್‌ವರೆಗಿನ ಪ್ಲಾಸ್ಟಿಕ್ ಪಾನೀಯ ಬಾಟಲಿಗಳ ಮುಚ್ಚಳ ಬಾಟಲಿಗೇ ಅಂಟಿಕೊಂಡಿರಬೇಕು ಅಂತ ನಿಯಮವೇ ಇದೆ. ಆದರೆ ನಿಮ್ಮೂರಿನ ಪಟ್ಟಿ ತೆಗೆಯಿರಿ ಅಂದರೆ ತೆಗೆಯಿರಿ, ನನ್ನ ಮಾತು ಬೇಡ.

ಮನೆ ಬದಲಾಯಿಸಿದವರು: ಕಿತ್ತು ಹಾಕಿದ್ದ ಚೀಟಿಯನ್ನು ರದ್ದಿ ಪೇಪರಿನಿಂದ ಹುಡುಕಿ ತೆಗೆದೆ. ಪಟ್ಟಿ ಹಿಂಬದಿಯಲ್ಲೇ ಇದೆ, ಚಿತ್ರದ ಸಮೇತ. ಮುಚ್ಚಳ ಹಾಕಿದ ಬಾಟಲಿಗೆ ಹಸಿರು ಗುರುತು, ಕಪ್ಪು ಡಬ್ಬಿಗೆ ಕೆಂಪು ಅಡ್ಡಗೆರೆ. ನನ್ನ ಬುಟ್ಟಿಯಲ್ಲಿ ಕಪ್ಪು ಡಬ್ಬಿ ಆರು ಇದ್ದವು.