ಹಳೆಯ ಆಡಿ ಟಿಟಿಯ ಸಸ್ಪೆನ್ಷನ್: ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕೇ?

ಪ್ರಶ್ನೆ

ಇತ್ತೀಚೆಗೆ 2011ರ ಆಡಿ ಟಿಟಿಯೊಂದನ್ನು ಹಿಂದಿನ ಮಾಲೀಕರಿಂದ ಕೊಂಡಿದ್ದೇನೆ. ಎಂಜಿನ್ ಬಗ್ಗೆ ಯಾವ ದೂರೂ ಇಲ್ಲ. ಆದರೆ ಬಸವನಗುಡಿಯ ಒಳರಸ್ತೆಗಳಲ್ಲಿ ಹಂಪ್ ಇಳಿಸುವಾಗ ಮುಂದಿನ ಎಡಚಕ್ರದ ಕಡೆಯಿಂದ 'ಟಕ್' ಎಂದು ಸದ್ದು ಬರುತ್ತದೆ. ನೈಸ್ ರಸ್ತೆಯಲ್ಲಿ ವೇಗವಾಗಿ ಹೋಗುತ್ತಾ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತದೆ. ಆ ಬದಿಯ ಟೈರಿನ ಒಳ ಅಂಚು ಮಾತ್ರ ಸವೆದಿದೆ. ನಾಲ್ಕೂ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿನ ಚೌಕಟ್ಟಿಗೆ ಜೋಡಿಸುವ ತೋಳು), ಲಿಂಕ್ ರಾಡ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳನ್ನು ಸಸ್ಪೆನ್ಷನ್‌ಗೆ ಕೂಡಿಸುವ ಸಣ್ಣ ಕಡ್ಡಿ) ಎಲ್ಲವನ್ನೂ ಹೊಸದಾಗಿ ಹಾಕಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಅಷ್ಟೂ ಅಗತ್ಯವೇ ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಶಾಕ್ ಅಬ್ಸಾರ್ಬರ್‌ಗೆ ಹಣ ಕೊಡುವ ಮುನ್ನ ಲೋವರ್ ಆರ್ಮ್‌ನ ಹಿಂಬದಿಯ ಬುಷ್, ಅಂದರೆ ಆರ್ಮ್ ಚೌಕಟ್ಟಿಗೆ ಸೇರುವಲ್ಲಿನ ರಬ್ಬರ್ ಜೋಡಣೆ, ನೋಡಿಸಿ. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿಯದಂತೆ ತಡೆಯುವುದು ಅದೇ. ಅದರ ರಬ್ಬರ್ ಹರಿದರೆ ಆರ್ಮ್ ಅಲುಗಾಡಿ ಚಕ್ರದ ಕೋನ ಬದಲಾಗುತ್ತದೆ. ಎಳೆತಕ್ಕೂ ಟೈರಿನ ಸವೆತಕ್ಕೂ ಈ ಒಂದೇ ದೋಷ ಕಾರಣವಾಗಿರಬಹುದು. ಕಾರನ್ನು ಲಿಫ್ಟಿಗೆ ಏರಿಸಿ, ಬುಷ್ ಪಕ್ಕಕ್ಕೆ ಸಣ್ಣ ಹಾರೆಯ ತುದಿ ಕೊಟ್ಟು ಮೀಟಿದರೆ ಬಿರುಕು ಬಾಯಿ ತೆರೆಯುವುದು ಕಣ್ಣಿಗೇ ಕಾಣುತ್ತದೆ. 'ಟಕ್' ಸದ್ದು ಮಾತ್ರ ಲಿಂಕ್ ರಾಡಿನದೂ ಇರಬಹುದು; ಅದನ್ನು ಕೈಯಲ್ಲಿ ಹಿಡಿದು ಜೋರಾಗಿ ಅಲುಗಿಸಿ ನೋಡಿದರೆ ಗೊತ್ತಾಗುತ್ತದೆ. ಶಾಕ್ ಅಬ್ಸಾರ್ಬರ್ ಮೇಲೆ ತೆಳುವಾದ ಎಣ್ಣೆಯ ಪಸೆ, ಅದಕ್ಕೆ ಅಂಟಿದ ಧೂಳು ಇದ್ದರೆ ಗಾಬರಿ ಬೇಡ. ಎಣ್ಣೆ ಇಳಿದು ಹನಿಯುತ್ತಿದ್ದರೆ ಮಾತ್ರ ಬದಲಿಸಿ, ಆಗಲೂ ಒಂದೇ ಆಕ್ಸಲಿನ ಎರಡನ್ನೂ (ಮುಂದಿನ ಎರಡು ಅಥವಾ ಹಿಂದಿನ ಎರಡು) ಜೊತೆಯಾಗಿ ಬದಲಿಸಿ.

ನಾನು ಒತ್ತಿ ಹೇಳಬೇಕಾದ ಮಾತು ಬೇರೆಯೇ ಇದೆ. ಹೊಸ ಬುಷ್ ಹಾಕಿದ ಮೇಲೆ, ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಆರ್ಮ್‌ನ ಬೋಲ್ಟ್ ಪೂರ್ತಿ ಬಿಗಿಯಲು ಬಿಡಬೇಡಿ. ಬೋಲ್ಟ್ ಬಿಗಿದಾಗ ಬುಷ್‌ನ ಒಳಕೊಳವೆ ಅದೇ ಕೋನದಲ್ಲಿ ಹಿಡಿದು ನಿಲ್ಲುತ್ತದೆ. ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿಕೊಂಡೇ ಇದ್ದು, ಹೊಸದಾದರೂ ಬೇಗ ಹರಿಯುತ್ತದೆ. ಜಾಕ್ ಕೊಟ್ಟು ಆರ್ಮನ್ನು ಕಾರು ನಿಂತಿರುವ ಎತ್ತರಕ್ಕೆ ತಂದ ಮೇಲೆಯೇ ಕೊನೆಯ ಬಿಗಿತ ಆಗಬೇಕು. ನಿಗದಿತ ಟಾರ್ಕ್ (ತಿರುಚುಬಲದ ಅಳತೆ) ಮುಟ್ಟಿದ ಮೇಲೆ ಮತ್ತಷ್ಟು ಡಿಗ್ರಿ ತಿರುಗಿಸಿ ಬಿಗಿಯುವ ಬೋಲ್ಟುಗಳು ಹಿಗ್ಗಿರುತ್ತವೆ, ಅವುಗಳನ್ನು ಮರುಬಳಸದೆ ಹೊಸದನ್ನೇ ತರಿಸಿ. ಇದು ನಿಮ್ಮ ಕಣ್ಣೆದುರೇ ನಡೆಯಲಿ.

ಉತ್ತರ 2

ಬಿಡಿಭಾಗಗಳ ವಿಚಾರಕ್ಕೆ ಒಂದು ಮಾತು. ಈ ಪೀಳಿಗೆಯ ಟಿಟಿ ಮತ್ತು ನಮ್ಮಲ್ಲಿ ಮಾರಾಟವಾಗುತ್ತಿದ್ದ ಸ್ಕೋಡಾ ಲಾರಾ, ಎರಡೂ ಫೋಕ್ಸ್‌ವ್ಯಾಗನ್ ಸಮೂಹದ ಪಿಕ್ಯೂ 35 ಪ್ಲಾಟ್‌ಫಾರ್ಮಿನ (ಹಲವು ಮಾದರಿಗಳಿಗೆ ಸಮಾನವಾದ ತಳವಿನ್ಯಾಸ) ಮೇಲೆ ಕಟ್ಟಿದವು. ಆದ್ದರಿಂದ ಕೆಲವು ಸಣ್ಣ ಭಾಗಗಳು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಲಾರಾದ ಹೆಸರಿನಲ್ಲೇ ಸಿಗಬಹುದು. ಆದರೆ ಹೆಸರನ್ನು ನಂಬಿ ಕೊಳ್ಳಬೇಡಿ. ಬಿಚ್ಚಿದ ಭಾಗದ ಮೇಲಿನ ಸಂಖ್ಯೆಯನ್ನು ಹೊಸದರ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳಲ್ಲಿ ಲಾರಾದ್ದು ಖಂಡಿತ ಬೇಡ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನನ್ನ ಕಾರಿನಲ್ಲಿ ಗೇರ್ ಲಿವರ್ ಹತ್ತಿರ ಶಾಕ್ ಅಬ್ಸಾರ್ಬರ್ ಚಿತ್ರದ ಗುಂಡಿಯೊಂದಿದೆ. ಅದರಿಂದ ವ್ಯತ್ಯಾಸವಾಗುತ್ತದೆಯೇ?

ಉತ್ತರ 3

ಬಹಳವೇ ಆಗುತ್ತದೆ. ಅದು ಮ್ಯಾಗ್ನೆಟಿಕ್ ರೈಡ್. ಅದರ ಎಣ್ಣೆಯಲ್ಲಿ ಕಾಂತಕ್ಕೆ ಸ್ಪಂದಿಸುವ ಸೂಕ್ಷ್ಮ ಕಣಗಳಿರುತ್ತವೆ. ವಿದ್ಯುತ್ ಹರಿದಾಗ ಎಣ್ಣೆ ಗಟ್ಟಿಯಾದಂತೆ ವರ್ತಿಸಿ ಸವಾರಿ ಬಿಗಿಯಾಗುತ್ತದೆ. ಇವುಗಳ ಬೆಲೆ ಸಾಮಾನ್ಯ ಶಾಕ್ ಅಬ್ಸಾರ್ಬರ್‌ಗಿಂತ ಬಹಳ ಹೆಚ್ಚು, ಹಾಗಾಗಿ ಸೋರದಿದ್ದರೆ ಮುಟ್ಟಲೇಬೇಡಿ. ಅದರ ಬದಲು ಸಾದಾ ಶಾಕ್ ಅಬ್ಸಾರ್ಬರ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯಬಹುದು. ಗ್ಯಾರೇಜಿನ ಅಂದಾಜುಪಟ್ಟಿಯಲ್ಲಿ ಯಾವ ಬಗೆಯದನ್ನು ಬರೆದಿದ್ದಾರೆಂದು ಮೊದಲು ಕೇಳಿ. ಬುಷ್ ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಮುಂಚಿನ ಮತ್ತು ನಂತರದ ಅಳತೆಗಳ ಮುದ್ರಿತ ಪ್ರತಿಯನ್ನು ಪಡೆದುಕೊಳ್ಳಿ. ಒಳ ಅಂಚು ಸವೆದ ಟೈರನ್ನು ಹಾಗೆಯೇ ಇಟ್ಟುಕೊಂಡರೆ ಎಳೆತ ಸ್ವಲ್ಪ ಉಳಿಯಬಹುದು, ಅದಕ್ಕೆ ಬುಷ್ ಮೇಲೆ ಅನುಮಾನ ಪಡಬೇಕಾಗಿಲ್ಲ.